ಮಣ್ಣಿನಿಂದ ಬಂದ ಸೈನಿಕ ಗುಂಡಿಗಳಿಗೆ ರೆನೆಸಾನ್ಸ್ ವ್ಯಾಕ್ಸ್: ಬಳಸಿ ನೋಡಿದ ಮೇಲೆ ಬರೆದ ವಿಮರ್ಶೆ

ಹಳೆಯ ದಂಡಿನ ಬೀಡುಗಳು, ಕವಾಯತು ಮೈದಾನಗಳು, ಪಡೆಗಳು ಸಾಗಿದ ದಾರಿಗಳ ಪಕ್ಕದ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವವರಿಗೆ ಸೈನಿಕ ಸಮವಸ್ತ್ರದ ಗುಂಡಿಗಳು ಆಗಾಗ ಸಿಗುತ್ತಲೇ ಇರುತ್ತವೆ. ನೂರಿನ್ನೂರು ವರ್ಷ ಮಣ್ಣಿನೊಳಗೆ ಹೇಗೋ ಉಳಿದುಕೊಂಡ ರೆಜಿಮೆಂಟಿನ ಸಂಖ್ಯೆ ಅಥವಾ ಲಾಂಛನವು ಹೊರಗೆ ಬಂದ ಮೊದಲ ಸಂಜೆಯೇ ಗಡಸು ಬ್ರಷ್ಷಿನ ತಿಕ್ಕಾಟಕ್ಕೆ ಸಿಕ್ಕಿ ಅಳಿದುಹೋಗುವುದೂ ಅಷ್ಟೇ ಸಾಮಾನ್ಯ. ಇಂಥ ಗುಂಡಿಗಳನ್ನು ಕಾಪಾಡಲು ಸಂಗ್ರಾಹಕರು ಅತಿ ಹೆಚ್ಚು ಶಿಫಾರಸು ಮಾಡುವ ವಸ್ತುಗಳಲ್ಲಿ ರೆನೆಸಾನ್ಸ್ ವ್ಯಾಕ್ಸ್ ಎಂಬ ಮೇಣವೂ ಒಂದು. ಅದನ್ನು ಹಿತ್ತಾಳೆ, ಗಿಲೀಟು (ಚಿನ್ನದ ತೆಳು ಪದರ ಹಚ್ಚಿದ) ಮತ್ತು ಪ್ಯೂಟರ್ (ತವರವೇ ಹೆಚ್ಚಾಗಿರುವ ಲೋಹದ) ಗುಂಡಿಗಳ ಮೇಲೆ ಬಹುಕಾಲ ಬಳಸಿದ ಮೇಲೆ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೇಣ ನಿಜಕ್ಕೂ ಒಳ್ಳೆಯದು, ಆದರೆ ಅದರ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಗುಂಡಿಯನ್ನು ಗುರುತಿಸಿ, ಚಿತ್ರ ತೆಗೆದು, ಪೂರ್ತಿ ಒಣಗಿಸುವ ತನಕ ಡಬ್ಬಿಯ ಮುಚ್ಚಳವನ್ನು ತೆರೆಯಬಾರದು.

ಈ ಮೇಣ ರೂಪುಗೊಂಡಿದ್ದು 1950ರ ದಶಕದಲ್ಲಿ, ಬ್ರಿಟಿಷ್ ಮ್ಯೂಸಿಯಮ್ಮಿನ ಸಂಶೋಧನಾ ಪ್ರಯೋಗಾಲಯದಲ್ಲಿ. ಅದಕ್ಕೂ ಮೊದಲು ಸಂಗ್ರಹಾಲಯಗಳು ಜೇನುಮೇಣ, ಕಾರ್ನೂಬ ಮೊದಲಾದ ನೈಸರ್ಗಿಕ ಮೇಣಗಳಿಂದ ಮಾಡಿದ ಪಾಲಿಶ್‌ಗಳನ್ನು ಬಳಸುತ್ತಿದ್ದವು. ಅವುಗಳಲ್ಲಿ ಇರುವ ಅಥವಾ ಕಾಲಾಂತರದಲ್ಲಿ ಹುಟ್ಟಿಕೊಳ್ಳುವ ಆಮ್ಲಗಳು ಲೋಹಕ್ಕೆ ಹಾನಿ ಮಾಡಬಲ್ಲವು ಎಂಬ ಕಾರಣಕ್ಕೆ, ಪೆಟ್ರೋಲಿಯಮ್ಮಿನಿಂದ ಸಂಸ್ಕರಿಸಿದ ಸೂಕ್ಷ್ಮಸ್ಫಟಿಕ ಮೇಣವನ್ನು ಪಾಲಿಎಥಿಲೀನ್ ಮೇಣದೊಂದಿಗೆ ಬೆರೆಸಿ, ವೈಟ್ ಸ್ಪಿರಿಟ್ ಎಂಬ ದ್ರಾವಕದಲ್ಲಿ ಮುಲಾಮಿನ ಹದಕ್ಕೆ ತಂದ ಮಿಶ್ರಣ ಇದು. ಪಿಕ್ರಿಯೇಟರ್ ಎಂಟರ್‌ಪ್ರೈಸಸ್ ಎಂಬ ಬ್ರಿಟಿಷ್ ಸಂಸ್ಥೆ ಇದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಚಿಕ್ಕ ಡಬ್ಬಿ 65 ಮಿಲಿಲೀಟರಿನದು, ಅದಕ್ಕಿಂತ ದೊಡ್ಡದು 200 ಮಿಲಿಲೀಟರಿನದು. ಒಳಗಿರುವುದು ಅರೆಪಾರದರ್ಶಕವಾದ ಬಿಳಿಯ ಮುಲಾಮು. ಮುಚ್ಚಳ ತೆಗೆದೊಡನೆ ಬಣ್ಣದಂಗಡಿಯ ವಾಸನೆ ಮೂಗಿಗೆ ಬರುತ್ತದೆ. ಆದ್ದರಿಂದ ಕಿಟಕಿ ತೆರೆದಿಟ್ಟ ಕೋಣೆಯಲ್ಲಿ, ಬೆಂಕಿಯಿಂದ ದೂರ ಕುಳಿತು ಕೆಲಸ ಮಾಡಬೇಕಾಗುತ್ತದೆ. ಮುಚ್ಚಳವನ್ನು ಸಡಿಲವಾಗಿ ಬಿಟ್ಟರೆ ದ್ರಾವಕ ಆವಿಯಾಗಿ ಮೇಣ ಗಟ್ಟಿಯಾಗುತ್ತದೆ. ಮುಚ್ಚಿಟ್ಟರೆ ವರ್ಷಗಟ್ಟಲೆ ಹದ ಕೆಡುವುದಿಲ್ಲ.

ಮೇಣದ ವಿಮರ್ಶೆಯಲ್ಲಿ ಗುಂಡಿಯ ಗುರುತಿನ ಬಗ್ಗೆ ಇಷ್ಟೊಂದು ಬರೆಯುವುದೇಕೆ ಎಂದು ಯಾರಾದರೂ ಕೇಳಬಹುದು. ಗುಂಡಿಯ ಮೇಲಿನ ಯಾವ ಭಾಗ ಮುಖ್ಯ, ಯಾವುದನ್ನು ಮುಟ್ಟಬಾರದು ಎಂಬುದು ಅದು ಯಾವ ಕಾಲದ, ಯಾವ ಬಗೆಯ ಗುಂಡಿ ಎನ್ನುವುದರ ಮೇಲೆ ನಿಂತಿದೆ. ಬ್ರಿಟಿಷ್ ಸೈನ್ಯವನ್ನೇ ನೋಡಿ: ಕಾಲ್ದಳದ ಗುಂಡಿಗಳ ಮೇಲೆ ರೆಜಿಮೆಂಟಿನ ಸಂಖ್ಯೆ ಇರಬೇಕೆಂಬ ಆಜ್ಞೆ ಹೊರಟಿದ್ದು 1767ರಲ್ಲಿ. ಅಲ್ಲಿಂದ ಮುಂದೆ 1855ರವರೆಗೆ ಸಾಮಾನ್ಯ ಸಿಪಾಯಿಯ ಗುಂಡಿ ಪ್ಯೂಟರಿನದಾಗಿತ್ತು, ಅಂದರೆ ತವರವೇ ಹೆಚ್ಚಾಗಿದ್ದ, ಬೂದು ಬಣ್ಣದ ಮೆತ್ತನೆಯ ಲೋಹದ್ದು; 1855ರಲ್ಲಿ ಅದರ ಜಾಗಕ್ಕೆ ಹಿತ್ತಾಳೆ ಬಂತು. 1871ರಲ್ಲಿ ಕಾಲ್ದಳದ ಸಾಮಾನ್ಯ ಸಿಪಾಯಿಗಳ ಗುಂಡಿಗಳಿಂದ ರೆಜಿಮೆಂಟಿನ ಸಂಖ್ಯೆಯೇ ಮಾಯವಾಗಿ, ರಾಜಲಾಂಛನವಿರುವ ಒಂದೇ ಮಾದರಿಯ ಗುಂಡಿ ಜಾರಿಗೆ ಬಂತು. ಅಧಿಕಾರಿಗಳು ಮಾತ್ರ ತಮ್ಮ ರೆಜಿಮೆಂಟಿನ ಗುಂಡಿಯನ್ನು ಉಳಿಸಿಕೊಂಡರು, 1881ರ ಪುನರ್‌ರಚನೆಯಲ್ಲಿ ಸಂಖ್ಯೆಗಳು ಹೋಗಿ ಪ್ರಾಂತ್ಯಗಳ ಹೆಸರುಗಳು ಬರುವ ತನಕ. ಈ ನಾಲ್ಕೈದು ವರ್ಷಗಳನ್ನು ನೆನಪಿನಲ್ಲಿ ಇಟ್ಟುಕೊಂಡವರಿಗೆ, ಕೈಗೆ ಬಂದ ಬೂದು ಬಣ್ಣದ ಬಿಲ್ಲೆಯ ಮೇಲೆ ಒಂದು ಅಂಕಿಯ ನೆರಳು ಕಂಡರೂ ಸಾಕು, ಅದು ಯಾವ ಕಾಲದ ಯಾರ ಅಂಗಿಯಿಂದ ಬಿದ್ದದ್ದೆಂದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಕಿರೀಟದ ಆಕಾರವೂ ಕಾಲವನ್ನು ಹೇಳುತ್ತದೆ. 1901ರಿಂದ 1952ರವರೆಗಿನ ಗುಂಡಿಗಳಲ್ಲಿ ಕಾಣುವ ಟ್ಯೂಡರ್ ಕಿರೀಟದ ಕಮಾನುಗಳು ನಡುವೆ ತಗ್ಗಿಲ್ಲದೆ ದುಂಡಗೆ ಮೇಲೇಳುತ್ತವೆ. ಎರಡನೆಯ ಎಲಿಜಬೆತ್ ರಾಣಿಯ ಕಾಲದ ಸೇಂಟ್ ಎಡ್ವರ್ಡ್ ಕಿರೀಟದಲ್ಲಿ ಕಮಾನುಗಳು ನಡುವೆ ತಗ್ಗುತ್ತವೆ. 2022ರಲ್ಲಿ ಮೂರನೆಯ ಚಾರ್ಲ್ಸ್ ದೊರೆ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡಿರುವುದರಿಂದ, ಇನ್ನು ಮುಂದೆ ಕಿರೀಟವೊಂದನ್ನೇ ನಂಬಿ ಕಾಲ ನಿರ್ಣಯಿಸುವುದು ಸುರಕ್ಷಿತವಲ್ಲ. ಅಮೆರಿಕದ ಹದ್ದಿನ ಗುಂಡಿಗಳಲ್ಲಿ ಹದ್ದಿನ ಎದೆಯ ಮೇಲಿನ ಗುರಾಣಿಯನ್ನು ನೋಡಬೇಕು. ಐ ಎಂಬ ರೋಮನ್ ಅಕ್ಷರವಿದ್ದರೆ ಕಾಲ್ದಳ, ಎ ಇದ್ದರೆ ಫಿರಂಗಿದಳ, ಸಿ ಇದ್ದರೆ ಅಶ್ವದಳ. 1850ರ ದಶಕದ ಮಧ್ಯದಿಂದ ಸಾಮಾನ್ಯ ಸೈನಿಕರಿಗೆ ಅಕ್ಷರವಿಲ್ಲದ ಹದ್ದು ಬಂತು, ಅಕ್ಷರಗಳು ಅಧಿಕಾರಿಗಳ ಗುಂಡಿಯಲ್ಲಿ ಮುಂದುವರಿದವು. ಆ ಅಕ್ಷರದ ಎತ್ತರ ಒಂದೆರಡು ಮಿಲಿಮೀಟರಿಗಿಂತ ಹೆಚ್ಚಿರುವುದಿಲ್ಲ. ಕಿಲುಬಿನ ಜೊತೆಗೆ ಅದನ್ನೂ ಕೆರೆದು ಹಾಕಿದರೆ ಅಧಿಕಾರಿಯ ಗುಂಡಿ ಸಿಪಾಯಿಯ ಗುಂಡಿಯಾಗಿ ಕಾಣುತ್ತದೆ.

ಗುಂಡಿಯ ಹಿಂಬದಿಗೆ ಮುಂಬದಿಗಿಂತ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ತಯಾರಕರ ಹೆಸರು, ವಿಳಾಸ, ಗುಣಮಟ್ಟದ ಹೇಳಿಕೆ ಇವೆಲ್ಲ ಅಚ್ಚಾಗಿರುವುದು ಅಲ್ಲಿಯೇ. ಲಂಡನ್ನಿನ ಫರ್ಮಿನ್ ಸಂಸ್ಥೆಯ ಹೆಸರು ಮತ್ತು ವಿಳಾಸಗಳು ಕಾಲಕಾಲಕ್ಕೆ ಬದಲಾದುದರಿಂದ ಗುಂಡಿಯ ದಶಕವನ್ನು ಅಂದಾಜು ಮಾಡಲು ಸಾಧ್ಯವಾಗುತ್ತದೆ. ಅಮೆರಿಕದ ವಾಟರ್‌ಬರಿಯ ಸ್ಕೋವಿಲ್ ಸಂಸ್ಥೆ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಎಂಬ ಹೆಸರು ತಳೆದಿದ್ದು 1850ರಲ್ಲಿ. ಆ ಪದಗಳ ಸಂಕ್ಷಿಪ್ತ ರೂಪ ಹಿಂಬದಿಯಲ್ಲಿ ಕಂಡರೆ ಗುಂಡಿ ಅದಕ್ಕೂ ಹಿಂದಿನದಾಗಿರಲು ಸಾಧ್ಯವಿಲ್ಲ. ಇಂಥ ಬರಹಗಳನ್ನು ಓದಲು ತೊಳೆಯಬೇಕಾಗಿಲ್ಲ. ಕತ್ತಲೆ ಕೋಣೆಯಲ್ಲಿ ಒಂದೇ ಪಕ್ಕದಿಂದ ತಗ್ಗಾಗಿ ಬೀಳುವ ಓರೆ ಬೆಳಕು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ತೆಗೆದ ಛಾಯಾಚಿತ್ರಗಳು ಇಷ್ಟಿದ್ದರೆ ಬ್ರಷ್ಷಿಗಿಂತ ಹೆಚ್ಚು ಅಕ್ಷರಗಳು ಕಾಣುತ್ತವೆ. ಮೇಣ ಹಚ್ಚಿದ ಮೇಲೆ ಮೈ ಮಿನುಗುವುದರಿಂದ ಓರೆ ಬೆಳಕಿನ ಚಿತ್ರಗಳು ಮೊದಲಿನಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಆದ್ದರಿಂದಲೇ ಚಿತ್ರ ತೆಗೆಯುವ ಕೆಲಸ ಮೊದಲು ಮುಗಿಯಬೇಕು.

ಗಿಲೀಟು ಗುಂಡಿಗಳ ವಿಷಯದಲ್ಲಿ ಒಂದು ಲೆಕ್ಕ ನೆನಪಿಡುವಂಥದ್ದು. ಬ್ರಿಟನ್ನಿನಲ್ಲಿ 1796ರಲ್ಲಿ ಬಂದ ಲೋಹದ ಗುಂಡಿಗಳ ಕಾಯಿದೆಯ ಪ್ರಕಾರ, ಒಂದು ಅಂಗುಲ ಅಗಲದ 144 ಗುಂಡಿಗಳಿಗೆ ಕನಿಷ್ಠ 5 ಗ್ರೇನ್, ಅಂದರೆ ಗ್ರಾಮಿನ ಮೂರನೆಯ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ ಚಿನ್ನ ಹಚ್ಚಿದ್ದರೆ ಮಾತ್ರ ಅವನ್ನು ಗಿಲೀಟು ಎಂದು ಕರೆಯಬಹುದಾಗಿತ್ತು. ಆ ಕನಿಷ್ಠ ಪ್ರಮಾಣದಲ್ಲಿ ಒಂದು ಗುಂಡಿಯ ಮುಖದ ಮೇಲೆ ಬರುವ ಚಿನ್ನದ ದಪ್ಪ ಸುಮಾರು ಮಿಲಿಮೀಟರಿನ ನಾಲ್ಕು ಸಾವಿರದಲ್ಲೊಂದು ಭಾಗ. ಇಷ್ಟು ತೆಳುವಾದ ಪದರವನ್ನು ಯಾವ ತಿಕ್ಕುವ ಪಾಲಿಶ್ ತಾನೇ ಉಳಿಸೀತು? ಸಾಲದ್ದಕ್ಕೆ ಅನೇಕ ಗುಂಡಿಗಳಲ್ಲಿ ಕಿಲುಬು ಚಿನ್ನದ ಮೇಲೆ ಕುಳಿತಿರುವುದಿಲ್ಲ, ಚಿನ್ನದ ಪದರವನ್ನು ಒಳಗಿನಿಂದ ಎತ್ತಿ ಒಡೆದು ಹೊರಗೆ ಬಂದಿರುತ್ತದೆ. ಅಂಥಲ್ಲಿ ಕಿಲುಬನ್ನು ಕಿತ್ತರೆ ಚಿನ್ನವೂ ಕಿತ್ತು ಬರುತ್ತದೆ.

ಈಗ ಮತ್ತೆ ಮೇಣದ ಮಾತಿಗೆ ಬರುತ್ತೇನೆ. ರೆನೆಸಾನ್ಸ್ ವ್ಯಾಕ್ಸ್ ಕೊಳೆ ತೆಗೆಯುವ ವಸ್ತುವಲ್ಲ. ಅದರಲ್ಲಿರುವ ದ್ರಾವಕದಿಂದಾಗಿ ಸ್ವಲ್ಪ ಜಿಡ್ಡು ಎದ್ದು ಬಂದು ಬಟ್ಟೆ ಕಪ್ಪಾಗುವುದುಂಟು. ಅದನ್ನು ಕಂಡು ಇದು ಶುಚಿಗೊಳಿಸುತ್ತದೆಂದು ಭಾವಿಸಿ ಬಲವಾಗಿ ತಿಕ್ಕುವವರಿದ್ದಾರೆ. ಅದೇ ತಯಾರಕರ ಪ್ರಿ-ಲಿಮ್ ಎಂಬ ಇನ್ನೊಂದು ವಸ್ತು ಶುಚಿಗೊಳಿಸಲೆಂದೇ ಇದೆ, ಆದರೆ ಅದರಲ್ಲಿ ನಯವಾದ ಉಜ್ಜುಪುಡಿ ಇರುವುದರಿಂದ ಮಣ್ಣಿನಿಂದ ಬಂದ ಗಿಲೀಟು ಗುಂಡಿಗಳಿಗೆ ನಾನು ಅದನ್ನು ಸೂಚಿಸುವುದಿಲ್ಲ. ಮಣ್ಣನ್ನು ತೆಗೆಯಲು ಬಟ್ಟಿ ಇಳಿಸಿದ ನೀರು, ಮರದ ಹಲ್ಲುಕಡ್ಡಿ, ಭೂತಗನ್ನಡಿ ಮತ್ತು ತಾಳ್ಮೆ ಸಾಕು. ಪ್ಯೂಟರ್ ಗುಂಡಿಗೆ ಹಲ್ಲುಕಡ್ಡಿಯ ತುದಿಯನ್ನೂ ನೆನೆಸಿ ಮೆದುಗೊಳಿಸಿಕೊಳ್ಳಬೇಕು. ನಿಂಬೆರಸ, ವಿನೆಗರ್, ಟೊಮೆಟೊ ಸಾಸ್ ಮೊದಲಾದ ಹುಳಿಗಳು ಕಿಲುಬಿನ ಜೊತೆಗೆ ಅದರ ಕೆಳಗಿನ ನಯವಾದ ಪದರವನ್ನೂ ತಿಂದು, ಚುಕ್ಕೆಚುಕ್ಕೆಯಾದ ಗುಲಾಬಿ ಬಣ್ಣದ ತಾಮ್ರವನ್ನು ಬಿಟ್ಟುಹೋಗುತ್ತವೆ. ಉಬ್ಬುಚಿತ್ರದ ಸೂಕ್ಷ್ಮ ರೇಖೆಗಳು ಇರುವುದು ಬಹಳ ಸಲ ಆ ಪದರದಲ್ಲೇ.

ತೊಳೆದ ಗುಂಡಿಯನ್ನು ಒಣಗಿಸುವ ಹಂತದಲ್ಲಿ ಅವಸರ ಮಾಡುವಂತಿಲ್ಲ. 19ನೆಯ ಶತಮಾನದಲ್ಲಿ ಎರಡು ತಗಡುಗಳನ್ನು ಅಂಚಿನಲ್ಲಿ ಮಡಿಸಿ ಸೇರಿಸಿದ ಪೊಳ್ಳು ಗುಂಡಿಗಳು ವ್ಯಾಪಕವಾಗಿ ಬಳಕೆಗೆ ಬಂದವು. ಅವುಗಳ ಹೊಟ್ಟೆಯೊಳಗೆ ಮಣ್ಣು ಮತ್ತು ತೇವ ಸೇರಿಕೊಂಡಿರುತ್ತವೆ. ಮೇಲ್ಮೈ ಒಣಗಿದಂತೆ ಕಂಡ ಮಾತ್ರಕ್ಕೆ ಮೇಣ ಹಚ್ಚಿ ಅಂಚಿನ ಸಂದುಗಳನ್ನು ಮುಚ್ಚಿದರೆ ಆ ತೇವ ಒಳಗೇ ಉಳಿದು, ಲೋಹವನ್ನು ಒಳಗಿನಿಂದ ಕೊರೆಯುತ್ತ ಹೋಗುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿ ಕೆಲವು ವಾರ ಇಟ್ಟು, ಆ ಅವಧಿಯಲ್ಲಿ ಹೊಸ ಕಿಲುಬು ಹುಟ್ಟುತ್ತಿದೆಯೇ ಎಂದು ನೋಡುತ್ತಿರುವುದು ಒಳ್ಳೆಯದು.

ಇಲ್ಲಿ ಗಮನಿಸಬೇಕಾದದ್ದು ಬ್ರಾಂಜ್ ಡಿಸೀಜ್ ಎಂದು ಸಂರಕ್ಷಣಾ ತಜ್ಞರು ಕರೆಯುವ ಕೇಡು. ಹೆಸರಿನಲ್ಲಿ ರೋಗವೆಂದಿದ್ದರೂ ಇದರಲ್ಲಿ ಕ್ರಿಮಿಯ ಪಾತ್ರವಿಲ್ಲ. ಮಣ್ಣಿನ ಉಪ್ಪಿನಿಂದ ಲೋಹದೊಳಗೆ ರೂಪುಗೊಂಡ ತಾಮ್ರದ ಕ್ಲೋರೈಡು ತೇವ ಮತ್ತು ಆಮ್ಲಜನಕದ ಸಂಪರ್ಕಕ್ಕೆ ಬಂದಾಗ ತಿಳಿಹಸಿರು ಪುಡಿಯಾಗಿ ಉಬ್ಬುತ್ತದೆ, ಜೊತೆಗೆ ಆಮ್ಲವನ್ನೂ ಹುಟ್ಟಿಸುತ್ತದೆ, ಆ ಆಮ್ಲ ಉಳಿದ ಲೋಹವನ್ನು ತಿನ್ನುತ್ತ ಅದೇ ಕ್ರಿಯೆಯನ್ನು ಮುಂದುವರಿಸುತ್ತದೆ. ಗಟ್ಟಿಯಾಗಿ, ನಯವಾಗಿ ಅಂಟಿಕೊಂಡಿರುವ ಕಡುಹಸಿರು ಪದರ ಆತಂಕಕ್ಕೆ ಕಾರಣವಲ್ಲ. ಕಡ್ಡಿ ತಾಗಿದೊಡನೆ ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಎಚ್ಚರ ಬೇಕು. ಈ ಕೇಡನ್ನು ಮೇಣ ನಿಲ್ಲಿಸುವುದಿಲ್ಲ. ಈ ಬಗೆಯ ಯಾವ ಮೇಣವೂ ನೀರಾವಿಯನ್ನು ಪೂರ್ತಿಯಾಗಿ ತಡೆಯಲಾರದು. ಸಾಪೇಕ್ಷ ಆರ್ದ್ರತೆಯನ್ನು ಶೇ. 42ಕ್ಕಿಂತ ಕೆಳಗೆ ಇಟ್ಟರೆ ಕ್ರಿಯೆ ಬಹುಮಟ್ಟಿಗೆ ಸ್ಥಗಿತಗೊಳ್ಳುತ್ತದೆ. ಅಂಥ ಗುಂಡಿಗೆ ಮೇಣದ ಬದಲು ಒಣ ಡಬ್ಬಿಯೇ ಮದ್ದು, ಬೆಲೆಯುಳ್ಳ ಗುಂಡಿಯಾದರೆ ತಜ್ಞರ ನೆರವೂ ಬೇಕು. ಬೆಂಜೋಟ್ರಯಜೋಲ್ ಎಂಬ ರಾಸಾಯನಿಕದ ಚಿಕಿತ್ಸೆ ಇದೆ, ಆದರೆ ಅದು ಆರೋಗ್ಯಕ್ಕೆ ಹಾನಿಕರವಾಗಬಲ್ಲದಾದ್ದರಿಂದ ಮನೆಯ ಮೇಜಿನ ಮೇಲೆ ಮಾಡುವ ಕೆಲಸವಲ್ಲ.

ಪುಡಿ ಉದುರದ, ಪೂರ್ತಿ ಒಣಗಿದ, ಚಿತ್ರ ತೆಗೆದು ಮುಗಿದ ಗುಂಡಿಯ ಮೇಲೆ ಈ ಮೇಣ ತನ್ನ ಯೋಗ್ಯತೆಯನ್ನು ತೋರಿಸುತ್ತದೆ. ನೂಲು ಬಿಡದ ಹತ್ತಿ ಬಟ್ಟೆಯ ತುದಿಗೆ ಸಾಸಿವೆ ಕಾಳಿನಷ್ಟು ತೆಗೆದುಕೊಂಡು ಎರಡೂ ಬದಿಗೆ ತೆಳುವಾಗಿ ಸವರಿ, ತಡಮಾಡದೆ ಒಣ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಕೆಲಸ ಮುಗಿಯಿತು. ಕಿಲುಬಿನ ಬೂದಿ ಹಿಡಿದಂಥ ಮೈ ಆಳವಾದ ಹಸಿರಿಗೋ ಕಂದಿಗೋ ತಿರುಗುತ್ತದೆ, ಅಕ್ಷರಗಳ ಅಂಚುಗಳು ಹಿನ್ನೆಲೆಯಿಂದ ಬಿಡಿಸಿಕೊಂಡು ನಿಲ್ಲುತ್ತವೆ. ಒಣಗಿದ ಪದರ ಗಟ್ಟಿಯಾಗಿರುವುದರಿಂದ ಧೂಳು ಅಂಟುವುದಿಲ್ಲ. ಬೆರಳಿನ ಬೆವರಿನಲ್ಲಿರುವ ಉಪ್ಪು ಲೋಹಕ್ಕೆ ನೇರವಾಗಿ ತಾಗದಂತೆ ಅದು ತಡೆಯುತ್ತದೆ, ಮತ್ತು ನಾನು ಇದನ್ನು ಬಳಸುತ್ತಿರುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಗುಂಡಿಗಳನ್ನು ಪದೇ ಪದೇ ಕೈಗೆತ್ತಿಕೊಂಡು ಪಟ್ಟಿಯ ಚಿತ್ರಗಳೊಂದಿಗೆ ಹೋಲಿಸುವವರಿಗೆ ಈ ರಕ್ಷಣೆ ಸಣ್ಣದೇನಲ್ಲ. ದಪ್ಪವಾಗಿ ಹಚ್ಚಿದರೆ ಮಾತ್ರ ಅಕ್ಷರಗಳ ಸಂದುಗಳಲ್ಲಿ ಮೇಣ ಉಳಿದು ಬೆಳ್ಳಗೆ ಕಾಣುತ್ತದೆ. ವೈಟ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಅದನ್ನು ತೆಗೆಯಬಹುದು.

ಹಾಗೆ ತೆಗೆಯಲು ಸಾಧ್ಯವಾಗುವುದೇ ಈ ಮೇಣದ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ. ನಾಳೆ ಇದಕ್ಕಿಂತ ಉತ್ತಮವಾದ ಚಿಕಿತ್ಸೆ ಬಂದರೆ, ಅಥವಾ ಸಂಗ್ರಹಾಲಯವೊಂದು ಆ ಗುಂಡಿಯನ್ನು ಪರೀಕ್ಷಿಸಲು ಬಯಸಿದರೆ, ಪದರವನ್ನು ಬಹುಮಟ್ಟಿಗೆ ಕರಗಿಸಿ ಹಿಂದಿನ ಸ್ಥಿತಿಗೆ ತರಬಹುದು. ಹೋಲಿಕೆಗೆ, ಅನೇಕರು ಗುಂಡಿಗಳನ್ನು ತಿಂಗಳುಗಟ್ಟಲೆ ನೆನೆಹಾಕುವ ಆಲಿವ್ ಎಣ್ಣೆಯನ್ನು ತೆಗೆದುಕೊಳ್ಳಿ: ಅದರಲ್ಲಿರುವ ಕೊಬ್ಬಿನಾಮ್ಲಗಳು ತಾಮ್ರದೊಂದಿಗೆ ನಿಧಾನವಾಗಿ ಸೇರಿ ಹಸಿರು ಜಿಡ್ಡಾಗುತ್ತವೆ, ಮತ್ತು ಸಂದುಗಳೊಳಗೆ ಇಳಿದ ಎಣ್ಣೆಯನ್ನು ಪೂರ್ತಿ ಹೊರತೆಗೆಯುವುದು ಬಹಳ ಕಷ್ಟ. ಮಾಮೂಲಿ ವಾರ್ನಿಷ್ ಕಾಲಕ್ರಮೇಣ ಹಳದಿಯಾಗಿ ಸಿಪ್ಪೆ ಏಳುತ್ತದೆ. ಅಸಿಟೋನಿನಲ್ಲಿ ಕರಗುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಮಾತ್ರ ಈ ಮೇಣಕ್ಕೆ ಸರಿಸಾಟಿ. ಚಿನ್ನದ ಪದರ ಸಡಿಲವಾಗಿದ್ದರೆ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಆ ರಾಳಕ್ಕಿದೆ, ಮೇಣಕ್ಕಿಲ್ಲ. ಆದರೆ ಅದನ್ನು ಸರಿಯಾದ ಪ್ರಮಾಣದಲ್ಲಿ ಕರಗಿಸಿ, ಗುಳ್ಳೆ ಏಳದಂತೆ ಹಚ್ಚಲು ಅಭ್ಯಾಸ ಬೇಕು. ಹೊಸಬರಿಗೆ ಮೇಣವೇ ಸುಲಭ.

ಎಲ್ಲ ಗುಂಡಿಗಳಿಗೂ ಇದು ಬೇಡ. ಕೆಲವು ಗುಂಡಿಗಳ ಹಿಂಬದಿಯ ಕುಣಿಕೆಯಲ್ಲಿ ಹೊಲಿದ ದಾರದ ತುಣುಕು, ಅಂಗಿಯ ಉಣ್ಣೆಯ ಎಳೆ ಉಳಿದಿರುತ್ತವೆ. ತಾಮ್ರದ ಲವಣಗಳು ಸೂಕ್ಷ್ಮಜೀವಿಗಳನ್ನು ದೂರವಿಟ್ಟಿದ್ದರಿಂದ ಕೊಳೆಯದೆ ಉಳಿದ ಎಳೆಗಳು ಅವು. ಅವುಗಳಿಗೆ ಮೇಣ ತಾಗಿದರೆ ಎಳೆಗಳು ಅಂಟಿ ಮುದ್ದೆಯಾಗುತ್ತವೆ, ಮುಂದಿನ ಪರೀಕ್ಷೆಗೂ ಅಡ್ಡಿಯಾಗುತ್ತದೆ. ಅಂಥ ಗುಂಡಿಯನ್ನು ತೊಳೆಯುವುದೂ ಬೇಡ, ಸವರುವುದೂ ಬೇಡ. ಮುಂಬದಿ ಹಿತ್ತಾಳೆ, ಹಿಂಬದಿ ಕಬ್ಬಿಣವಾಗಿರುವ ಗುಂಡಿಗಳಲ್ಲಿ ಕಬ್ಬಿಣದ ತುಕ್ಕು ಪದರಪದರವಾಗಿ ಬಿಡುತ್ತಿದ್ದರೆ ಬಟ್ಟೆಯ ಎಳೆತಕ್ಕೇ ತುಣುಕುಗಳು ಕಳಚುತ್ತವೆ. ಹೊಪ್ಪಳೆ ಎದ್ದ ಪ್ಯೂಟರಿನ ವಿಷಯದಲ್ಲೂ ಹೀಗೆಯೇ. ಗಟ್ಟಿಯಾದ ಮೈಯುಳ್ಳ ಪ್ಯೂಟರ್ ಗುಂಡಿಗಾದರೆ ಮೇಣ ಚೆನ್ನಾಗಿ ಒಗ್ಗುತ್ತದೆ, ಬೂದು ಬಣ್ಣದಲ್ಲಿ ಮುಳುಗಿದ್ದ ಅಂಕಿಗಳು ತುಸು ಎದ್ದು ಕಾಣುತ್ತವೆ.

ಪ್ಯೂಟರ್ ಎಂದೊಡನೆ ತವರದ ಪ್ಲೇಗಿನ ಭಯವನ್ನು ಹೇಳುವವರಿದ್ದಾರೆ. ಶುದ್ಧ ತವರ 13.2 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಬೂದು ಪುಡಿಯಾಗಿ ರೂಪಾಂತರಗೊಳ್ಳಬಲ್ಲದು ಎಂಬುದು ನಿಜ. 1812ರ ರಷ್ಯಾ ದಂಡಯಾತ್ರೆಯಲ್ಲಿ ನೆಪೋಲಿಯನ್ನನ ಸೈನಿಕರ ಗುಂಡಿಗಳೆಲ್ಲ ಹೀಗೆ ಪುಡಿಯಾದವು ಎಂಬ ಕತೆಗೆ ಮಾತ್ರ ಆಧಾರವಿಲ್ಲ. 2001ರಲ್ಲಿ ಲಿಥುವೇನಿಯಾದ ವಿಲ್ನಿಯಸ್ ನಗರದಲ್ಲಿ ಆ ಸೇನೆಯ ಸೈನಿಕರ ಸಾಮೂಹಿಕ ಸಮಾಧಿ ಸಿಕ್ಕಾಗ, ಅಲ್ಲಿ ಮಲಗಿದ್ದವರು ಯಾವ ಯಾವ ರೆಜಿಮೆಂಟುಗಳಿಗೆ ಸೇರಿದವರೆಂದು ತಿಳಿಯಲು ನೆರವಾದುದು ಸಂಖ್ಯೆಗಳು ಉಳಿದಿದ್ದ ಗುಂಡಿಗಳೇ. ಮಣ್ಣಿನಿಂದ ಬಂದ ಪ್ಯೂಟರಿಗೆ ನಿಜವಾಗಿ ಹಾನಿ ಮಾಡುವುದು ತೇವದಿಂದಾಗುವ ಸಾಮಾನ್ಯ ಸವೆತ, ಮತ್ತು ಅದರಲ್ಲಿ ಸೀಸ ಬೆರೆತಿದ್ದರೆ ಓಕ್ ಮೊದಲಾದ ಮರದ ಪೆಟ್ಟಿಗೆಗಳಿಂದ ಹೊಮ್ಮುವ ಅಸಿಟಿಕ್ ಆಮ್ಲದ ಆವಿ. ಮೇಣ ಹಚ್ಚಿದ್ದೇವೆಂಬ ಧೈರ್ಯದಿಂದ ಗುಂಡಿಗಳನ್ನು ಚೆಂದದ ಮರದ ಪೆಟ್ಟಿಗೆಯಲ್ಲೋ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ಮಿನಲ್ಲೋ ಇಡಬಾರದು. ಪಾಲಿಎಥಿಲೀನ್ ಚೀಲ, ಆಮ್ಲರಹಿತ ಕಾಗದ, ಸಿಲಿಕಾ ಜೆಲ್ ಇರುವ ಡಬ್ಬಿ ಇವುಗಳ ಒಟ್ಟು ಖರ್ಚು ಮೇಣದ ಡಬ್ಬಿಗಿಂತ ಕಡಿಮೆ, ಕೊಡುವ ರಕ್ಷಣೆ ಹೆಚ್ಚು. ಇವೆರಡರಲ್ಲಿ ಒಂದನ್ನೇ ಕೊಳ್ಳಲು ಸಾಧ್ಯವೆನ್ನುವವರು ಮೊದಲು ಒಣ ಡಬ್ಬಿಯನ್ನೇ ಮಾಡಿಕೊಳ್ಳಲಿ.

ಕೊಳ್ಳುವವರಿಗೆ 65 ಮಿಲಿಲೀಟರಿನ ಡಬ್ಬಿಯೇ ಧಾರಾಳ. ಒಂದು ಗುಂಡಿಗೆ ಬೇಕಾಗುವ ಮೇಣ ಎಷ್ಟು ಕಡಿಮೆಯೆಂದರೆ, ದೊಡ್ಡ ಸಂಗ್ರಹವಿರುವವರಿಗೂ ಅದು ಬೇಗ ಮುಗಿಯುವುದಿಲ್ಲ. 200 ಮಿಲಿಲೀಟರಿನದನ್ನು ಕೊಂಡು ಮುಚ್ಚಳವನ್ನು ಸಡಿಲವಾಗಿ ಬಿಟ್ಟರೆ ಅರ್ಧಕ್ಕೇ ಗಟ್ಟಿಯಾಗುವ ಸಂಭವವಿದೆ. ಅದೇ ಗುಣಮಟ್ಟದ್ದೆಂದು ಹೇಳಿಕೊಳ್ಳುವ ಬೇರೆ ಸೂಕ್ಷ್ಮಸ್ಫಟಿಕ ಮೇಣಗಳೂ ಮಾರಾಟದಲ್ಲಿವೆ. ಕೊಳ್ಳುವ ಮೊದಲು ಅದರಲ್ಲಿ ಸಿಲಿಕೋನ್, ಉಜ್ಜುಪುಡಿ, ಬಣ್ಣ, ಸುಗಂಧ ಯಾವುದೂ ಸೇರಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಮ್ಮೆ ಹಚ್ಚಿದ ಪದರವನ್ನು ವರ್ಷಕ್ಕೊಮ್ಮೆ ಭೂತಗನ್ನಡಿಯಡಿ ನೋಡಿ, ಕೈ ತಾಗಿ ಮಂಕಾದಲ್ಲಿ ಮಾತ್ರ ಮತ್ತೆ ಸವರಿದರೆ ಸಾಕು. ಮೇಣ ಹಚ್ಚಿದ ದಿನಾಂಕವನ್ನೂ ಮೇಣದ ಹೆಸರನ್ನೂ ಗುಂಡಿ ಸಿಕ್ಕ ಜಾಗದ ನಕ್ಷಾಂಕ, ಆಳ, ಹಿಂಬದಿಯ ಬರಹ ಇವುಗಳ ಜೊತೆಗೆ ಒಂದೇ ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆದು ಚೀಲದೊಳಗೆ ಇಡಬೇಕು. ಶಾಯಿ ಕೆಲವೊಮ್ಮೆ ತೇವಕ್ಕೆ ಹರಡುತ್ತದೆ, ಪೆನ್ಸಿಲ್ಲಿನ ಸೀಸ ಹರಡುವುದಿಲ್ಲ.